ತೊಳೆದ ಮೇಲೆ ಒಮ್ಮೆ ತಿರುಗಿಸಿ ನೋಡಿ

ಆಯುಧಪೂಜೆ ಬಂತೆಂದರೆ ನಮ್ಮ ಪುಣೆಯ ಸೊಸೈಟಿಗಳಲ್ಲಿ ಬೈಕುಗಳಿಗೂ ಅಭ್ಯಂಜನ. ಇಲ್ಲಿಯವರು ಖಂಡೇನವಮಿ ಎನ್ನುತ್ತಾರೆ, ಸಡಗರ ಒಂದೇ. ಬಕೆಟ್ಟು, ಶಾಂಪೂ, ಪೈಪು. ಆಮೇಲೆ ಕುಂಕುಮ, ಚೆಂಡುಹೂವಿನ ಹಾರ. ಗಾಡಿ ಮದುಮಗನ ಹಾಗೆ ಹೊಳೆಯುತ್ತದೆ. ಆದರೆ ಸ್ಟಾರ್ಟ್ ಮಾಡಿದಾಗ ಕೆಲವು ಗಾಡಿಗಳಿಗೆ ಕೆಮ್ಮು. ಇನ್ನು ಕೆಲವು, ರೇಸ್ ಬಿಟ್ಟರೂ ಇಳಿಯದೆ ಕಿರಿಚುತ್ತಲೇ ಇರುತ್ತವೆ. ಕೆಮ್ಮು ಬರೀ ಕಿರಿಕಿರಿ. ಎರಡನೆಯದು ಪ್ರಾಣಕ್ಕೆ ಸಂಚಕಾರ. ಅದಕ್ಕೇ ಮಕ್ಕಳೇ, ಈ ಸಲ ಅಡುಗೆ, ಹಬ್ಬದ ಮಾತು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ನೀವು ರೇಸ್ ಅನ್ನುವುದಕ್ಕೆ ಪುಸ್ತಕದ ಹೆಸರು ಥ್ರಾಟಲ್. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳಿಗೆ ಬೈಕಿನ ಉಸಾಬರಿ ಏಕೆ ಎಂದು ನಗಬೇಡಿ. ಆ ಪದದೊಳಗೇ ಥ್ರೋಟ್, ಅಂದರೆ ಗಂಟಲು, ಕೂತಿದೆ. ಎಂಜಿನ್ ಉಸಿರೆಳೆಯುವ ಗಂಟಲು ಅದು. ಹ್ಯಾಂಡಲಿನ ಬಲಗೈ ಹಿಡಿ ತಿರುಗಿಸಿದರೆ ಕೇಬಲ್ಲಿನೊಳಗಿನ ತಂತಿ ಎಳೆದು ಗಂಟಲು ತೆರೆಯುತ್ತದೆ. ಬಿಟ್ಟರೆ ಸ್ಪ್ರಿಂಗ್ ಮುಚ್ಚುತ್ತದೆ. ಹಾಗಾಗಿ ಮೊದಲು ಕೇಳಬೇಕಾದ್ದು ಒಂದೇ: ತೊಂದರೆ ಹಿಡಿಯದೋ, ಗಂಟಲಿನದೋ?

ಎಂಜಿನ್ ಆರಿಸಿಯೇ ನೋಡಿ. ಹಿಡಿಯನ್ನು ಪೂರ್ತಿ ತಿರುಗಿಸಿ ಕೈ ಬಿಡಿ. ತಾನಾಗಿಯೇ ಟಪ್ ಎಂದು ಹಿಂದಿರುಗಬೇಕು. ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿಯೂ ಹೀಗೇ ನೋಡಿ. ನಿಧಾನವಾಗಿ ಬಂದರೆ, ಅಥವಾ ನೀವೇ ತಳ್ಳಬೇಕಾದರೆ, ಆ ಗಾಡಿ ಹತ್ತಬೇಡಿ. ಶಾಂಪೂ ನೀರು ಹಿಡಿಯ ಒಳಗಿನ ಗ್ರೀಸನ್ನು ತೊಳೆದುಹಾಕಿರುತ್ತದೆ, ಒಳಗಿನ ಮಣ್ಣು ಕೆಸರಾಗಿರುತ್ತದೆ. ಕೇಬಲ್ಲಿನೊಳಗೆ ನೀರು ನಿಂತರೆ ಕೆಲವು ವಾರಗಳಲ್ಲಿ ತಂತಿಗೆ ತುಕ್ಕು. ಹಿಡಿ ಬಿಚ್ಚಿ ಒರೆಸಿ, ಕೇಬಲ್ಲಿಗೆ ಎಣ್ಣೆ ಬಿಡಿಸಿ; ಎಳೆ ಬಿಟ್ಟಿದ್ದರೆ ಕೇಬಲ್ಲನ್ನೇ ಬದಲಾಯಿಸಿ. ಕೈಗೆ ಸಿಕ್ಕಿತೆಂದು ಮನೆಯ ಕೊಬ್ಬರಿ ಎಣ್ಣೆ ಮಾತ್ರ ಬಿಡಬೇಡಿ. ಡಿಸೆಂಬರಿನ ಪುಣೆಯಲ್ಲಿ ಅದು ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ, ಕೇಬಲ್ಲಿನಲ್ಲಿ ಬಿಟ್ಟೀತೇ?

ಓಡುತ್ತಿರುವಾಗಲೇ ಸಿಕ್ಕಿಕೊಂಡರೆ? ಕ್ಲಚ್ ಹಿಡಿಯಿರಿ. ಎಂಜಿನ್ ಅರಚುತ್ತದೆ, ಅರಚಲಿ. ಚಕ್ರಕ್ಕೆ ಶಕ್ತಿ ಹೋಗುವುದು ನಿಂತಿತು. ಬಲ ಹೆಬ್ಬೆರಳಿನಿಂದ ಕೆಂಪು ಕಿಲ್ ಸ್ವಿಚ್ ಒತ್ತಿ, ಬ್ರೇಕ್ ಹಾಕುತ್ತಾ ಪಕ್ಕಕ್ಕೆ ಬನ್ನಿ. ಗಾಬರಿಯಲ್ಲಿ ಚಾವಿಗೆ ತಡಕಾಡಬೇಡಿ. ನಿಂತಿರುವ ಗಾಡಿಯ ಮೇಲೆ ಕೂತು ಇದನ್ನು ನಾಲ್ಕು ಸಲ ಮಾಡಿ, ಕೈಗೆ ರೂಢಿಯಾಗಲಿ.

ಹಿಡಿ ಸರಿಯಿದ್ದೂ ರೇಸ್ ಕೊಟ್ಟಾಗ ಎಂಜಿನ್ ಮುಗ್ಗರಿಸಿದರೆ ಎಲ್ಲೋ ನೀರು ಹೊಕ್ಕಿದೆ. ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ತೆಗೆದು ಒಣಬಟ್ಟೆಯಿಂದ ಒರೆಸಿ. ಏರ್ ಫಿಲ್ಟರ್ ಒದ್ದೆಯಾಗಿದೆಯೇ ನೋಡಿ. ಒದ್ದೆ ಬಟ್ಟೆ ಮೂಗಿಗೆ ಹಿಡಿದು ಓಡಿ ಎಂದರೆ ನೀವು ಓಡುತ್ತೀರಾ? 1996ರಲ್ಲಿ ಮುಚ್ಚಿದ ಮೈಸೂರಿನ ಕಾರ್ಖಾನೆಯ ಜಾವಾ, ಯೆಜ್ದಿಗಳಂಥ ಹಳೆಯ ಗಾಡಿಗಳಲ್ಲಿ ಕಾರ್ಬೊರೇಟರ್ ಇರುತ್ತದೆ. ಪೆಟ್ರೋಲಿಗಿಂತ ನೀರು ಭಾರ, ಆದ್ದರಿಂದ ಅದರ ಬಟ್ಟಲಿನ ತಳದಲ್ಲಿ ಕೂರುತ್ತದೆ. ಬಹಳಷ್ಟು ಕಾರ್ಬೊರೇಟರುಗಳ ತಳದಲ್ಲಿ ಒಂದು ಸ್ಕ್ರೂ ಇರುತ್ತದೆ. ಎಂಜಿನ್ ತಣ್ಣಗಾದ ಮೇಲೆ ಅದನ್ನು ಸಡಿಲಿಸಿ ಗಾಜಿನ ಸೀಸೆಗೆ ಇಳಿಸಿದರೆ ನೀರಿನ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಹತ್ತಿರ ಪೂಜೆಯ ದೀಪ, ಊದುಬತ್ತಿ ಇರಕೂಡದು.

2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಪಾಲು ಫ್ಯೂಯಲ್ ಇಂಜೆಕ್ಷನ್ನಿನವು. ಅವುಗಳಲ್ಲಿ ಗಂಟಲು ಎಷ್ಟು ತೆರೆದಿದೆ ಎಂದು ಹೇಳಲು ಒಂದು ಸೆನ್ಸರ್ ಇದೆ. ಅದರ ವೈರಿನ ಜೋಡಣೆಗೆ ನೀರು ಹೋದರೂ ಎಂಜಿನ್ ತಡವರಿಸೀತು. ನೆರಳಲ್ಲಿ ನಿಲ್ಲಿಸಿ ಒಣಗಲು ಬಿಡಿ. ಸ್ಟಾರ್ಟ್ ಆದ ಮೇಲೂ ಮೀಟರಿನಲ್ಲಿ ಎಂಜಿನ್ ಗುರುತಿನ ದೀಪ ಆರದಿದ್ದರೆ ಕೈ ಹಾಕಬೇಡಿ, ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಮುಂದಿನ ಸಲ ವಾಷಿಂಗ್ ಸೆಂಟರಿನಲ್ಲಿ ಪ್ರೆಷರ್ ಪೈಪು ಹಿಡಿದವನಿಗೆ ಹೇಳಿ: ಸ್ವಿಚ್ಚು, ಕೇಬಲ್ಲಿನ ಬಾಯಿ, ಪ್ಲಗ್, ಸೀಟಿನ ಕೆಳಭಾಗ, ಇಲ್ಲಿಗೆಲ್ಲ ನೇರ ಹೊಡೆಯಬೇಡಪ್ಪ ಎಂದು. ಮನೆಯಲ್ಲೇ ತೊಳೆಯುವುದಾದರೆ ಖಾಲಿ ಹಾಲಿನ ಕವರನ್ನು ಬಲಗೈ ಹಿಡಿಗೆ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿ. ಅಮ್ಮನನ್ನು ಕೇಳಿದರೆ ತೊಳೆದು ಒಣಗಿಸಿಟ್ಟ ಕವರು ಹತ್ತಾದರೂ ಸಿಕ್ಕಾವು.