ಉಪಕರಣಗಳು ಕೆಡಲಿ ಬಿಡಿ

ಮುಂಡಗೋಡ ತಾಲೂಕಿನ ಇಂದೂರಿನಂತಹ ಊರಿನಲ್ಲಿ ಎಂಟನೆಯ ತರಗತಿಯ ಹುಡುಗನನ್ನೋ ಹುಡುಗಿಯನ್ನೋ ನಿಲ್ಲಿಸಿ, ‘ಮುಂದೆ ಏನಾಗಬೇಕೆಂದಿರುವೆ?’ ಎಂದು ಕೇಳಿ ನೋಡಿ. ಡಾಕ್ಟರು, ಶಿಕ್ಷಕರು, ಪೋಲೀಸರು, ಸೈನಿಕರು, ಉತ್ತರಗಳು ಬೆರಳೆಣಿಕೆಯವು. ಇದು ಮಕ್ಕಳ ಕಲ್ಪನೆಯ ಬಡತನವೆಂದು ಯಾರೂ ಭಾವಿಸಬೇಕಾಗಿಲ್ಲ. ತಾವು ಕಣ್ಣಾರೆ ಕಂಡ ಉದ್ಯೋಗಗಳನ್ನಲ್ಲದೆ ಬೇರಾವುದನ್ನು ಅವರು ಹೇಳಿಯಾರು?

ವಿಚಿತ್ರವೆಂದರೆ, ಕಾಣತಕ್ಕ ಉದ್ಯೋಗಗಳು ಅವರ ಜಿಲ್ಲೆಯಲ್ಲಿಯೇ ಇವೆ. ಸೂಪಾ ಅಣೆಕಟ್ಟಿನಲ್ಲಿ ನಿಂತ ಕಾಳೀನದಿಯ ನೀರು ಕದ್ರಾ ತಲಪುವಷ್ಟರಲ್ಲಿ ಮತ್ತೆ ಮತ್ತೆ ವಿದ್ಯುತ್ತನ್ನು ಕೊಟ್ಟು ಮುಂದೆ ಸಾಗುತ್ತದೆ. ಕೈಗಾ ಪರಮಾಣು ವಿದ್ಯುತ್ ಕೇಂದ್ರದ ಮೊದಲನೆಯ ಘಟಕವು 962 ದಿನಗಳ ಕಾಲ ಎಡೆಬಿಡದೆ ನಡೆದು, 2018ರ ಡಿಸೆಂಬರ್ ಕೊನೆಯಲ್ಲಿ, ಆ ಕಾಲಕ್ಕೆ ಜಗತ್ತಿನಲ್ಲಿಯೇ ದಾಖಲೆಯೆನಿಸಿತು. ಅಷ್ಟು ದಿನವೂ ಅದರ ಒತ್ತಡ ಉಷ್ಣತೆಗಳನ್ನು ಅಳೆಯುತ್ತ, ಅಳೆಯುವ ಉಪಕರಣಗಳು ಸುಳ್ಳು ಹೇಳುತ್ತಿಲ್ಲವಷ್ಟೆ ಎಂದು ಪರೀಕ್ಷಿಸುತ್ತ ಇದ್ದವರು ಯಾರು? ಅಂತಹ ಕೆಲಸವೊಂದಿದೆ ಎಂಬುದೇ ನಮ್ಮ ಹಳ್ಳಿಯ ವಿದ್ಯಾರ್ಥಿಗೆ ತಿಳಿಯದು.

ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತಗಳ ಕಡೆಗೆ ಮಕ್ಕಳನ್ನು ಎಳೆಯಬೇಕೆಂದು ನೀತಿ ಆಯೋಗವು 2016ರಲ್ಲಿ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳ ಯೋಜನೆಯನ್ನು ಆರಂಭಿಸಿತು. 6ರಿಂದ 12ನೆಯ ತರಗತಿಯ ವಿದ್ಯಾರ್ಥಿಗಳಿಗಾಗಿ ಇರುವ ಈ ಪ್ರಯೋಗಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯುತ್ತದೆ. ಅರ್ಧ ಸ್ಥಾಪನೆಗೆ, ಅರ್ಧ ಐದು ವರ್ಷಗಳ ನಿರ್ವಹಣೆಗೆ. ಸಂವೇದಕಗಳು, ಪುಟ್ಟ ಗಣಕಗಳು, ರೋಬಾಟಿನ ಬಿಡಿಭಾಗಗಳು, ಪ್ಲಾಸ್ಟಿಕ್ಕನ್ನು ಕರಗಿಸಿ ಪದರಪದರವಾಗಿ ಹೊಯ್ದು ವಸ್ತುವನ್ನು ರಚಿಸುವ ತ್ರೀಡಿ ಮುದ್ರಕ, ಇವೆಲ್ಲ ಅಲ್ಲಿರುತ್ತವೆ. ದೇಶದಲ್ಲಿ ಇಂತಹ 10,000 ಪ್ರಯೋಗಶಾಲೆಗಳು ಏರ್ಪಟ್ಟ ಮೇಲೆ, ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000ವನ್ನು ಸ್ಥಾಪಿಸುವುದಾಗಿ 2025ರ ಕೇಂದ್ರ ಮುಂಗಡಪತ್ರವು ಸಾರಿತು. ಇಂದೂರಿನಂತಹ ಊರುಗಳ ಸರದಿ ಬಂದೀತೆಂದು ಆಶಿಸುವುದಕ್ಕೆ ಇದು ಸಾಕು. ಆದುದರಿಂದಲೇ ಈಗ ಒಂದು ಮಾತನ್ನು ಆಡಬೇಕಾಗಿದೆ.

ಟಿಂಕರಿಂಗ್ ಎಂದರೇನು? ಬಿಚ್ಚುವುದು, ಜೋಡಿಸುವುದು, ಕೆಡಿಸುವುದು, ಕೆಟ್ಟದ್ದನ್ನು ಸರಿಪಡಿಸುವುದು. ಸೈಕಲ್ ಅಂಗಡಿಯಲ್ಲಿ ಕೈ ಕಪ್ಪಾಗಿಸಿಕೊಳ್ಳುವ ಹುಡುಗನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ನಾನು ಕಂಡ ಒಂದು ಶಾಲೆಯಲ್ಲಿ ಪ್ರಯೋಗಶಾಲೆಯ ಗೋಡೆಗಳಿಗೆ ಅಂದವಾದ ಬಣ್ಣವಿತ್ತು, ಮುದ್ರಕದ ಮೇಲೆ ಮಾಸದ ಹೊದಿಕೆಯಿತ್ತು, ಸಂವೇದಕಗಳು ಬಂದ ಪೊಟ್ಟಣಗಳಲ್ಲಿಯೇ ಬೀಗ ಹಾಕಿದ ಕಪಾಟಿನೊಳಗೆ ಇದ್ದುವು. ಅತಿಥಿಗಳು ಬಂದ ದಿನ ಒಂದು ರೋಬಾಟು ಮೇಜಿನ ಮೇಲೆ ಎರಡು ಸುತ್ತು ಹಾಕುತ್ತಿತ್ತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಮಾರನೆಯ ದಿನ ಮತ್ತೆ ಬೀಗ. ಅಲ್ಲಿನ ಮುಖ್ಯೋಪಾಧ್ಯಾಯರನ್ನು ನಾನು ದೂರಲಾರೆ. ದಾಸ್ತಾನು ಪುಸ್ತಕದಲ್ಲಿ ರುಜು ಹಾಕಿದವರು ಅವರು. ಒಂದು ತಂತಿ ಸುಟ್ಟರೂ ಲೆಕ್ಕ ಒಪ್ಪಿಸಬೇಕಾದವರು ಅವರೇ ಎಂದಾದರೆ, ಬೀಗವೇ ವಿವೇಕವಾಗಿ ತೋರುವುದು ಸಹಜ.

ಬೀಗ ಹಾಕಿದ್ದರಿಂದ ಕಳೆದುಹೋದದ್ದು ಏನೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಚಮಚದ ಕೊಕ್ಕಿನ ಹಕ್ಕಿಗಳಿಗೆ ಹೆಸರಾದ ಅತ್ತಿವೇರಿ ಜಲಾಶಯವಿರುವುದು ಮುಂಡಗೋಡ ತಾಲೂಕಿನಲ್ಲಿಯೇ. ನೀರು ಎಷ್ಟಿದೆ ಎಂಬುದು ಹಕ್ಕಿಗೂ ಬೇಕು, ಭತ್ತ ಬೆಳೆಯುವವನಿಗೂ ಬೇಕು. ಊರ ಕೆರೆಯ ತೂಬಿನ ಕಂಬಕ್ಕೆ, ಹಿರಿಯರೊಬ್ಬರನ್ನು ಜೊತೆಗಿಟ್ಟುಕೊಂಡು, ಶ್ರವಣಾತೀತ ಧ್ವನಿಯ ಸಂವೇದಕವೊಂದನ್ನು ಕೆಳಮುಖವಾಗಿ ಕಟ್ಟಿ ಎನ್ನೋಣ. ಸೆಕೆಂಡಿಗೆ 40,000 ಕಂಪನಗಳ ಧ್ವನಿಯನ್ನು ಅದು ಹೊರಡಿಸುತ್ತದೆ; ನಮ್ಮ ಕಿವಿಯ ಮಿತಿ 20,000 ಆದುದರಿಂದ ನಮಗದು ಕೇಳಿಸದು. ನೀರಿನ ಮೈಗೆ ತಾಗಿ ಮರಳಿದ ಪ್ರತಿಧ್ವನಿಗೆ ಹಿಡಿದ ಕಾಲವನ್ನು ಉಪಕರಣ ಗುಣಿಸಿಕೊಳ್ಳುತ್ತದೆ. ನೀರು 2 ಮೀಟರ್ ಕೆಳಗಿದ್ದರೆ ಹೋಗಿಬರುವ ದಾರಿ 4 ಮೀಟರ್. ಧ್ವನಿಯ ವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡರೆ ಸುಮಾರು 11.7 ಮಿಲಿಸೆಕೆಂಡುಗಳು.

ಇಷ್ಟನ್ನು ಯಾವ ಪ್ರದರ್ಶನದಲ್ಲಿಯಾದರೂ ತೋರಿಸಿಯಾರು. ನಿಜವಾದ ಪಾಠವಿರುವುದು ಮುಂದೆ. ಮುಂಜಾನೆ 20 ಡಿಗ್ರಿಯ ತಂಪಿನಲ್ಲಿ 200 ಸೆಂಟಿಮೀಟರ್ ಎಂದು ತೋರಿಸಿದ ಉಪಕರಣ, ಮಧ್ಯಾಹ್ನ ಗಾಳಿ 35 ಡಿಗ್ರಿಗೆ ಕಾದಾಗ 195 ಎನ್ನುತ್ತದೆ. ಮಳೆಯಿಲ್ಲ, ಕಾಲುವೆಯಿಂದ ನೀರು ಬಂದಿಲ್ಲ; ಕೆರೆ ಐದು ಸೆಂಟಿಮೀಟರ್ ಏರಿದುದೆಂತು? ಒಬ್ಬಳು ತಂತಿ ಸಡಿಲವಾಗಿದೆ ಎಂದಾಳು. ಇನ್ನೊಬ್ಬನು ಕಂಬ ಬಾಗಿದೆ ಎಂದಾನು. ಎಲ್ಲವನ್ನೂ ಬಿಚ್ಚಿ ನೋಡಿ, ಒಂದೆರಡು ಬಿಡಿಭಾಗಗಳನ್ನು ಹಾಳುಮಾಡಿ, ಕಡೆಗೆ ಯಾರೋ ಒಬ್ಬರಿಗೆ ಹೊಳೆಯುತ್ತದೆ: ಕಾದ ಗಾಳಿಯಲ್ಲಿ ಧ್ವನಿ ಬೇಗ ಓಡುತ್ತದೆ! ಪ್ರತಿ ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರಿನಂತೆ ವೇಗ ಹೆಚ್ಚಿ, 35 ಡಿಗ್ರಿಯಲ್ಲಿ 352 ಮೀಟರಿನಷ್ಟಾಗುತ್ತದೆ. ಪ್ರತಿಧ್ವನಿ ಬೇಗ ಮರಳಿತು. ನೀರು ಹತ್ತಿರ ಬಂದಿತೆಂದು ಉಪಕರಣ ಮೋಸಹೋಯಿತು. ಪಕ್ಕದಲ್ಲಿ ಒಂದು ಉಷ್ಣತಾಮಾಪಕವನ್ನಿಟ್ಟು ಲೆಕ್ಕವನ್ನು ತಿದ್ದಿದರೆ ಕೆರೆ ಮತ್ತೆ ತನ್ನ ಮಟ್ಟಕ್ಕೆ ಇಳಿಯುತ್ತದೆ. ಕೈಗಾದಲ್ಲಿ ಮಾಪಕಗಳನ್ನು ಪರೀಕ್ಷಿಸುವವನ ವಿದ್ಯೆಗೂ ಈ ಮಕ್ಕಳ ವಿದ್ಯೆಗೂ ಜಾತಿಯಲ್ಲಿ ಭೇದವಿಲ್ಲ, ಪ್ರಮಾಣದಲ್ಲಿ ಮಾತ್ರ. ಆ ಮಧ್ಯಾಹ್ನವನ್ನು ಕಂಡ ಹುಡುಗಿಗೆ ಉದ್ಯೋಗ ಮಾರ್ಗದರ್ಶನದ ಭಾಷಣ ಬೇಕಾಗದು.

ಪ್ರಶ್ನೆ ಮೊದಲು, ಪೆಟ್ಟಿಗೆ ಆಮೇಲೆ ಎಂಬುದು ಆ ತಾಲೂಕಿಗೆ ಹೊಸತೂ ಅಲ್ಲ. ಮುಂಡಗೋಡದ ಬಳಿ 1966ರಲ್ಲಿ ಟಿಬೇಟಿಯನ್ನರ ನೆಲೆ ಆರಂಭವಾಯಿತು. ಅಲ್ಲಿನ ಡ್ರೆಪುಂಗ್, ಗಾಂದೆನ್ ಮಠಗಳ ಭಿಕ್ಷುಗಳು ವಾದದಿಂದಲೇ ವಿದ್ಯೆ ಕಲಿಯುವವರು. ಪ್ರಶ್ನಿಸುವವನು ನಿಂತು ಕೈ ತಟ್ಟಿ ಕೇಳುತ್ತಾನೆ, ಉತ್ತರಿಸುವವನು ಕುಳಿತು ಸಮರ್ಥಿಸಿಕೊಳ್ಳುತ್ತಾನೆ. ಅಮೆರಿಕದ ಎಮೊರಿ ವಿಶ್ವವಿದ್ಯಾನಿಲಯವು 2006ರಲ್ಲಿ ಟಿಬೇಟಿಯನ್ ಭಿಕ್ಷುಗಳಿಗಾಗಿ ಆರಂಭಿಸಿದ ವಿಜ್ಞಾನ ಶಿಕ್ಷಣವು 2014ರಲ್ಲಿ ದಕ್ಷಿಣ ಭಾರತದ ದೊಡ್ಡ ಮಠಗಳಿಗೆ ಬಂದಿತು. ಭೌತವಿಜ್ಞಾನವೂ ಜೀವವಿಜ್ಞಾನವೂ ಆ ವಾದದ ಅಂಗಳವನ್ನು ಹೊಕ್ಕುವು. ಇದನ್ನು ನೋಡಲು ನಮ್ಮ ಶಾಲೆಯ ಮಕ್ಕಳು ಹೆಚ್ಚು ದೂರ ಹೋಗಬೇಕಾಗಿಲ್ಲ. ಹೋಗುವವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಹಳ್ಳಿಯ ಶಾಲೆಗೆ ರೋಬಾಟೇಕೆ, ಮೊದಲು ಗಣಿತದ ಮೇಷ್ಟರನ್ನು ಕೊಡಿ ಎನ್ನುವವರುಂಟು. ಆ ಮಾತಿನಲ್ಲಿ ಮುಕ್ಕಾಲು ಪಾಲು ನಿಜವಿದೆ. ಮೇಷ್ಟರಿಲ್ಲದೆಡೆ ಯಂತ್ರವು ಆಟಿಕೆಯೇ ಸರಿ. ಆದರೆ ಉಳಿದ ಕಾಲು ಪಾಲಿಗಾಗಿ ನಾನು ವಾದಿಸುತ್ತೇನೆ: ನಗರದ ಹುಡುಗನಿಗೆ ಮನೆಯಲ್ಲಿಯೇ ದೊರೆಯಬಹುದಾದುದು ಹಳ್ಳಿಯ ಹುಡುಗಿಗೆ ಶಾಲೆಯಲ್ಲಲ್ಲದೆ ಇನ್ನೆಲ್ಲಿಯೂ ದೊರೆಯದು. ಹತ್ತನೆಯ ತರಗತಿ ಮುಗಿದೊಡನೆ ಆಕೆ ವಿಜ್ಞಾನವನ್ನು ಹಿಡಿಯಬೇಕೋ ಬಿಡಬೇಕೋ ಎಂಬುದು ನಿರ್ಧಾರವಾಗುತ್ತದೆ. ಆಮೇಲೆ ತೆರೆದ ಕಪಾಟಿನಿಂದ ಆಕೆಗೆ ಪ್ರಯೋಜನವಿಲ್ಲ.

ಮಾಡಬೇಕಾದುದು ಕಷ್ಟವೇನಲ್ಲ. 1993ರಿಂದ ನಡೆದುಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಆರಿಸಿ ತಿಂಗಳುಗಟ್ಟಲೆ ಅಭ್ಯಸಿಸುತ್ತಾರೆ. ಕರ್ನಾಟಕದಲ್ಲಿ ಅದನ್ನು ಊರೂರಿಗೆ ಒಯ್ದುದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಅಲ್ಲಿ ಪ್ರಶ್ನೆಯಿದೆ, ಉಪಕರಣದ ಕೊರತೆ; ಇಲ್ಲಿ ಉಪಕರಣವಿದೆ, ಪ್ರಶ್ನೆಯ ಕೊರತೆ. ಎರಡಕ್ಕೂ ನಂಟು ಬೆಸೆದರೆ ಬೇರೆ ಯೋಜನೆಯೇ ಬೇಡ. ಜೊತೆಗೆ, ಊರಿನ ರೇಡಿಯೋ ಮೊಬೈಲು ರಿಪೇರಿ ಮಾಡುವವರನ್ನು ವಾರಕ್ಕೊಂದು ಸಲ ಗೌರವಧನ ಕೊಟ್ಟು ಶಾಲೆಗೆ ಕರೆಯಬಾರದೇಕೆ? ಬೆಸುಗೆ ಹಾಕುವುದರಲ್ಲಿ ಅವರ ಕೈ ಯಾವ ಪದವೀಧರನ ಕೈಗೂ ಕಡಿಮೆಯಲ್ಲ.

ಇನ್ನು ದಾಸ್ತಾನು ಪುಸ್ತಕ. ಅದರಲ್ಲಿ ‘ಬಂದದ್ದು’, ‘ಉಳಿದದ್ದು’ ಎಂಬ ಅಂಕಣಗಳ ಪಕ್ಕದಲ್ಲಿ ಇನ್ನೊಂದನ್ನು ಗೆರೆ ಎಳೆದು ಸೇರಿಸಲು ಶಿಕ್ಷಣ ಇಲಾಖೆ ಅಪ್ಪಣೆ ಕೊಡಬೇಕು: ‘ಪ್ರಯೋಗದಲ್ಲಿ ಕೆಟ್ಟದ್ದು, ಅದರಿಂದ ತಿಳಿದದ್ದು’. ಅದನ್ನು ತುಂಬುವವರು ಮಕ್ಕಳೇ ಆಗಲಿ, ಕೆಳಗೆ ಮುಖ್ಯೋಪಾಧ್ಯಾಯರು ನಿರ್ಭಯವಾಗಿ ರುಜು ಹಾಕಲಿ. ತಪಾಸಣೆಗೆ ಬಂದ ಅಧಿಕಾರಿಗಳು ಮೊದಲು ಆ ಅಂಕಣವನ್ನು ಓದಲಿ. ಅದು ಖಾಲಿಯಿದ್ದರೆ ಮಾತ್ರ ವಿವರಣೆ ಕೇಳಲಿ.