ಟಾಪ್ 10 ಪಟ್ಟಿಗೆ ಆಡಿಟ್ ಮಾಡೋರು ಯಾರು?

1/9
ಮಹಾರಾಜ ಟ್ರೋಫಿ ಮುಗಿದ್ರೆ ಸಾಕು, ಫೀಡ್ ತುಂಬಾ ಒಂದೇ ಪೋಸ್ಟು: "ಕರ್ನಾಟಕದ ಟಾಪ್ 10 ಯಂಗ್ ಟ್ಯಾಲೆಂಟ್ಸ್". ಒಂದನೇ ನಂಬರಿನವನಿಗೆ ಕಿರೀಟದ ಇಮೋಜಿ, ಎರಡನೆಯವನಿಗೆ ಬೆಂಕಿ, ಹತ್ತನೆಯವನಿಗೆ "ಅಂಡರ್‌ರೇಟೆಡ್" ಅನ್ನೋ ಸಮಾಧಾನಕರ ಬಹುಮಾನ. ಕೆಳಗಡೆ ಕಾಮೆಂಟಲ್ಲಿ ಕುರುಕ್ಷೇತ್ರ. ಮೂರನೆಯವನು ಎರಡಕ್ಕೆ ಬರ್ಬೇಕಿತ್ತು ಅಂತ ಒಬ್ಬ, ಐದನೆಯವನು ಲಿಸ್ಟಲ್ಲಿ ಯಾಕಿದಾನೆ ಅಂತ ಇನ್ನೊಬ್ಬ. ನಂಬರ್ ಬಗ್ಗೆ ಎಲ್ಲರೂ ಜಗಳ ಆಡ್ತಾರೆ, ಆ ನಂಬರ್ ಎಲ್ಲಿಂದ ಬಂತು ಅಂತ ಕೇಳೋರು ಮಾತ್ರ ಒಬ್ರೂ ಇಲ್ಲ.

ನಾನು ಬಿಕಾಂ ಓದ್ತಿರೋಳು. ವೋಚರ್ ಇಲ್ಲದ ಎಂಟ್ರಿ ನಂಬಬೇಡಿ ಅಂತ ನಮಗೆ ಮೊದಲೇ ಹೇಳಿಕೊಡ್ತಾರೆ. ಈ ಪಟ್ಟಿಗಳ ವೋಚರ್ ಎಲ್ಲಿ? ಎಷ್ಟು ಇನ್ನಿಂಗ್ಸ್ ನೋಡಿ ಬರೆದ್ರಿ? ಹುಡುಗನ ವಯಸ್ಸೆಷ್ಟು? ಎದುರಿಗೆ ಬೌಲಿಂಗ್ ಮಾಡಿದ್ದು ಯಾರು? ಹೋದ ವರ್ಷ ನೀವೇ ಹಾಕಿದ್ದ ಟಾಪ್ 10 ಏನಾಯ್ತು? ಒಂದಕ್ಕೂ ಉತ್ತರ ಇಲ್ಲ. ಲೆಕ್ಕ ಕೊಡದ ಪಟ್ಟಿಗೆ ನಮ್ಮ ಕಡೆ ಜಾಹೀರಾತು ಅಂತಾರೆ. ಆ ಜಾಹೀರಾತಿನ ಖರ್ಚು ಬೀಳೋದು ಪಟ್ಟೀಲಿ ಹೆಸರಿಲ್ಲದ ಹುಡುಗರ ತಲೆ ಮೇಲೆ. ಅದನ್ನೇ ಈ ಒಂಬತ್ತು ಪೋಸ್ಟಲ್ಲಿ ಹೇಳ್ತೀನಿ. ಬೈಯೋದಿದ್ರೆ ಪೂರ್ತಿ ಓದಿ ಬೈರಿ.

2/9
ಮೊದಲು ಲೆಕ್ಕ. ಮಹಾರಾಜ ಟ್ರೋಫಿಯಲ್ಲಿ ಇರೋದು ಆರು ತಂಡ. ಲೀಗ್ ಹಂತದಲ್ಲಿ ಒಂದೊಂದು ತಂಡಕ್ಕೆ ಹತ್ತು ಮ್ಯಾಚು. ಎಲ್ಲಾ ಸೇರಿ ಎರಡು, ಎರಡೂವರೆ ವಾರದಲ್ಲಿ ಮುಗಿದುಹೋಗುತ್ತೆ.

ಒಬ್ಬ ಹುಡುಗ ಹತ್ತು ಇನ್ನಿಂಗ್ಸಲ್ಲಿ ಹತ್ತೂ ಸಲ ಔಟಾಗಿ 400 ರನ್ ಹೊಡೆದ ಅಂದ್ಕೊಳ್ಳಿ. ಸರಾಸರಿ 40. ಅದರಲ್ಲಿ ಒಂದು ದಿನ ಕ್ಯಾಚ್ ಬಿಟ್ಟಿದ್ರಿಂದ 110 ಹೊಡೆದಿದ್ದ. ಅದೊಂದನ್ನ ತೆಗೀರಿ: ಒಂಬತ್ತು ಇನ್ನಿಂಗ್ಸ್, 290 ರನ್, ಸರಾಸರಿ 32 ಚಿಲ್ಲರೆ. ಹುಡುಗ ಅವನೇ, ಬ್ಯಾಟ್ ಅದೇ. ಆದ್ರೆ ಪಟ್ಟೀಲಿ ಎರಡನೇ ನಂಬರಿಂದ ಹದಿಮೂರಕ್ಕೆ ಇಳಿದ. ಅಂದ್ರೆ ಆ ರ‍್ಯಾಂಕ್ ಕೊಟ್ಟಿದ್ದು ಕೈಬಿಟ್ಟ ಫೀಲ್ಡರ್.

ಸರಾಸರಿ ಅನ್ನೋದೂ ಒಮ್ಮೊಮ್ಮೆ ಭಲೇ ನಾಟಕ ಆಡುತ್ತೆ. 2024-25ರ ವಿಜಯ್ ಹಜಾರೆ ಟ್ರೋಫೀಲಿ ನಮ್ಮ ಕರುಣ್ ನಾಯರ್ ವಿದರ್ಭಕ್ಕೆ ಆಡಿ 779 ರನ್ ಹೊಡೆದ್ರು, ಸರಾಸರಿ 389.50. ಎಂಟು ಇನ್ನಿಂಗ್ಸಲ್ಲಿ ಔಟಾಗಿದ್ದು ಎರಡೇ ಸಲ, ಅದಕ್ಕೆ ಅಷ್ಟು. ಅದ್ಭುತ ಆಟ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ 389 ಅನ್ನೋ ನಂಬರ್ ಮಾತ್ರ ತೋರಿಸಿ "ಇನ್ನಿಂಗ್ಸ್ ಎಂಟು, ನಾಟೌಟ್ ಆರು" ಅನ್ನೋದನ್ನ ಮುಚ್ಚಿಟ್ರೆ ಅದು ವಿಂಡೋ ಡ್ರೆಸ್ಸಿಂಗ್. ಬಿಕಾಂನವರಿಗೆ ಈ ಪದ ಬಿಡಿಸಿ ಹೇಳ್ಬೇಕಾಗಿಲ್ಲ.

3/9
ಎರಡನೇದು, ವಿಡಿಯೊ. ಪಟ್ಟಿ ಮಾಡೋರು ಮ್ಯಾಚ್ ನೋಡಲ್ಲ, ಕ್ಲಿಪ್ ನೋಡ್ತಾರೆ. 2025ರಲ್ಲಿ ಮಹಾರಾಜ ಟ್ರೋಫಿ ಬೆಂಗಳೂರಿಂದ ಮೈಸೂರಿಗೆ ಬಂತು. ನಮ್ಮ ಅಕ್ಕಿಹೆಬ್ಬಾಳು ಸ್ಟೇಷನ್ನಲ್ಲಿ ರೈಲು ಹತ್ತಿದ್ರೆ ನೇರ ಮೈಸೂರು. ಆದ್ರೆ ಆಡಿಸಿದ್ದು ಪ್ರೇಕ್ಷಕರನ್ನ ಒಳಗೆ ಬಿಡದೆ. ಪಕ್ಕದ ಊರಲ್ಲೇ ನಡೆದ ಆಟವನ್ನೂ ನಾವೆಲ್ಲ ನೋಡಿದ್ದು ಫೋನಲ್ಲೇ. ಪೂರ್ತಿ ಮ್ಯಾಚ್ ನೋಡಿದೋರು ಎಷ್ಟು ಜನ, ಮೂವತ್ತು ಸೆಕೆಂಡ್ ಸಿಕ್ಸರ್ ನೋಡಿದೋರು ಎಷ್ಟು ಜನ? ನಿಮ್ಮನ್ನ ನೀವೇ ಕೇಳ್ಕೊಳ್ಳಿ.

ಈಗ ಇದನ್ನ ಕೇಳಿ. 2024ರ ಜನವರಿ, ಶಿವಮೊಗ್ಗ, ಕೂಚ್ ಬೆಹಾರ್ ಟ್ರೋಫಿ ಫೈನಲ್. 19 ವರ್ಷದೊಳಗಿನವರ ಟೂರ್ನಿ, ಎದುರಾಳಿ ಮುಂಬೈ. ನಮ್ಮ ಪ್ರಖರ್ ಚತುರ್ವೇದಿ ಔಟಾಗದೆ 404. ಆ ಟೂರ್ನಿಯ ಫೈನಲ್‌ನಲ್ಲಿ 400 ದಾಟಿದ ಮೊದಲ ಆಟಗಾರ. ಯುವರಾಜ್ ಸಿಂಗ್ ಹೊಡೆದಿದ್ದ 358ರ ದಾಖಲೆ ಹೋಯ್ತು. ಕರ್ನಾಟಕ 8 ವಿಕೆಟ್‌ಗೆ 890, ಮೊದಲ ಇನ್ನಿಂಗ್ಸ್ ಲೀಡ್ ಮೇಲೆ ಕರ್ನಾಟಕಕ್ಕೆ ಮೊಟ್ಟಮೊದಲ ಕೂಚ್ ಬೆಹಾರ್ ಟ್ರೋಫಿ. ಆ 404ಕ್ಕೆ ಹುಡುಗ ಎದುರಿಸಿದ್ದು 638 ಬಾಲ್. ಹೊಡೆದ ಸಿಕ್ಸರ್ ಮೂರು.

ಹೇಳಿ, 638 ಬಾಲನ್ನ ಯಾವ ರೀಲಲ್ಲಿ ಹಾಕ್ತೀರಿ? ಬಿಟ್ಟ ಬಾಲು, ತಡೆದ ಬಾಲು, ಊಟದ ಮುಂಚೆ ಸುಮ್ನೆ ಕಳೆದ ಓವರು, ಇವ್ಯಾವಕ್ಕೂ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಕೂರಲ್ಲ. ಆದ್ರೆ ಆ ತಾಳ್ಮೆಯೇ ಟ್ಯಾಲೆಂಟ್ ಕಣ್ರೋ. ರೀಲಿಗೆ ಹಿಡಿಸೋದು ಮಾತ್ರ ಟ್ಯಾಲೆಂಟ್ ಅಂತ ಅಳೆದ್ರೆ, ಹತ್ತು ವರ್ಷ ಬಿಟ್ಟು ರಣಜೀಲಿ ಎರಡು ದಿನ ಕ್ರೀಸಲ್ಲಿ ನಿಲ್ಲೋ ಹುಡುಗನನ್ನ ಎಲ್ಲಿಂದ ತರ್ತೀರಿ?

4/9
"ನಾವ್ ಹೇಳೋದ್ ಬುಡು, ಹರಾಜಲ್ಲಿ ಕೋಟಿ ಕೊಡ್ತಾರಲ್ಲ, ಅವ್ರೇನ್ ದಡ್ಡರಾ?" ಅಂತ ಕೇಳೋ ಅಣ್ಣಂದಿರಿಗೆ ಈ ಪೋಸ್ಟು.

2015ರ ಐಪಿಎಲ್ ಹರಾಜು. ಕೊಡಗಿನ ಕೆ.ಸಿ. ಕಾರಿಯಪ್ಪ, ಕೆಪಿಎಲ್‌ನಲ್ಲಿ ಮಿಂಚಿದ ಸ್ಪಿನ್ನರ್. ಒಂದೇ ಒಂದು ಪ್ರಥಮ ದರ್ಜೆ ಪಂದ್ಯ ಆಡಿರಲಿಲ್ಲ. ಮೂಲಬೆಲೆ 10 ಲಕ್ಷ, ಕೋಲ್ಕತ್ತಾ ಕೊಟ್ಟಿದ್ದು 2.4 ಕೋಟಿ. ಆ ಸೀಸನ್ನಲ್ಲಿ ಅವರಿಗೆ ಆಡೋಕೆ ಕೊಟ್ಟ ಮ್ಯಾಚು ಒಂದು. ಒಂದೇ. ಇಲ್ಲಿ ಕಾರಿಯಪ್ಪ ಅವರ ತಪ್ಪೇನಿದೆ? "ಮಿಸ್ಟರಿ" ಅಂತ ಬೋರ್ಡು ಬರೆದೋರು ಅವರಲ್ಲ, ರೇಟು ಏರಿಸಿದೋರೂ ಅವರಲ್ಲ. ಆದ್ರೆ ಆ ರೇಟಿನ ಭಾರ ಹೊತ್ಕೊಂಡು ಓಡಾಡಬೇಕಾದವರು ಮಾತ್ರ ಅವರು.

ಇನ್ನೊಂದು ಕಡೆ ಅಭಿನವ್ ಮನೋಹರ್. ಕರ್ನಾಟಕಕ್ಕೆ ಮೊದಲ ಸಲ ಆಡಿದ್ದು 2021ರ ನವೆಂಬರಲ್ಲಿ, 27 ವರ್ಷಕ್ಕೆ. ಸೌರಾಷ್ಟ್ರದ ಮೇಲೆ ನಾಟೌಟ್ 70. ಮೂರು ತಿಂಗಳಿಗೆ, 20 ಲಕ್ಷ ಮೂಲಬೆಲೆಯಿಂದ 2.6 ಕೋಟಿ. ಅದರ ಹಿಂದಿನ ವಾರದ ಯಾವ "ಯಂಗ್ ಟ್ಯಾಲೆಂಟ್" ಪಟ್ಟೀಲಿ ಅವರ ಹೆಸರಿತ್ತು? 27 ಅಂದ್ರೆ ಈ ಪೇಜುಗಳ ಲೆಕ್ಕದಲ್ಲಿ ಮುದುಕ.

ಬೆಲೆ ಬೇರೆ, ಮೌಲ್ಯ ಬೇರೆ. ಷೇರು ಮಾರ್ಕೆಟಲ್ಲಿ ಐಪಿಒ ದಿನದ ರೇಟು ನೋಡಿ ಕಂಪನಿ ಲಾಭ ಮಾಡುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಗ್ತೀವಿ. ಹುಡುಗರ ವಿಷಯಕ್ಕೆ ಬಂದಾಗ ಅದನ್ನೇ ನಂಬ್ತೀವಿ.

5/9
ಹಾಗಾದ್ರೆ ರ‍್ಯಾಂಕಿಂಗೇ ಬೇಡ್ವಾ? ಬೇಕು. ಹೇಗೆ ಮಾಡ್ತಾರೆ ಅಂತ ಅಮೆರಿಕದ ಬೇಸ್‌ಬಾಲ್ ಕಡೆ ಒಂದ್ಸಲ ನೋಡಿ. 'ಮನಿಬಾಲ್' ಸಿನಿಮಾ ನೋಡಿರೋರಿಗೆ ಸ್ವಲ್ಪ ಗೊತ್ತಿರುತ್ತೆ.

ಅಲ್ಲಿ 30 ದೊಡ್ಡ ತಂಡಗಳಿವೆ. ಒಂದೊಂದರ ಕೆಳಗೂ ನಾಲ್ಕು ಮೆಟ್ಟಿಲ ಮೈನರ್ ಲೀಗ್ ತಂಡಗಳು, ಒಟ್ಟು 120. ಮೇಲಿನ ಮೆಟ್ಟಿಲಲ್ಲಿ ಒಂದು ತಂಡ ವರ್ಷಕ್ಕೆ ಸುಮಾರು 150 ಮ್ಯಾಚ್ ಆಡುತ್ತೆ. ಹುಡುಗ ಒಂದೊಂದೇ ಮೆಟ್ಟಿಲು ಹತ್ತಬೇಕು. ಸ್ಕೌಟ್‌ಗಳು 20ರಿಂದ 80ರವರೆಗೆ ಅಂಕ ಕೊಡ್ತಾರೆ, 50 ಅಂದ್ರೆ ಸಾಧಾರಣ. ಹೊಡೆತದ ಬಲಕ್ಕೆ ಬೇರೆ, ಓಟಕ್ಕೆ ಬೇರೆ, ಎಸೆತಕ್ಕೆ ಬೇರೆ. 'ಬೇಸ್‌ಬಾಲ್ ಅಮೆರಿಕ' ಅನ್ನೋ ಪತ್ರಿಕೆ 1990ರಿಂದ ವರ್ಷವರ್ಷ ಟಾಪ್ 100 ಹಾಕ್ತಿದೆ, ಹಳೇ ಪಟ್ಟಿ ತೆಗೆದು ಯಾರು ಬೇಕಾದ್ರೂ ತಾಳೆ ನೋಡಬಹುದು.

ಇಷ್ಟೆಲ್ಲ ಮಾಡಿಯೂ ತಪ್ಪುತ್ತೆ. 1991ರಲ್ಲಿ ಇಡೀ ದೇಶಕ್ಕೆ ಮೊದಲನೆಯವನಾಗಿ ಆಯ್ಕೆಯಾದ ಬ್ರಿಯೆನ್ ಟೇಲರ್, ಭುಜಕ್ಕೆ ಪೆಟ್ಟಾಗಿ, ದೊಡ್ಡ ಲೀಗಲ್ಲಿ ಒಂದು ಮ್ಯಾಚೂ ಆಡಲಿಲ್ಲ. 1988ರಲ್ಲಿ 62ನೇ ಸುತ್ತಲ್ಲಿ, 1390ನೆಯವನಾಗಿ ಆಯ್ಕೆಯಾದ ಮೈಕ್ ಪಿಯಾಝಾ 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದ. 150 ಮ್ಯಾಚ್ ನೋಡೋರಿಗೇ ಈ ಗತಿ. ಹತ್ತು ಮ್ಯಾಚಿನ ಮೂರು ಕ್ಲಿಪ್ ನೋಡಿ ಒಂದರಿಂದ ಹತ್ತು ನಂಬರ್ ಹಚ್ಚೋರ ಧೈರ್ಯಕ್ಕೆ ಏನನ್ನಬೇಕು?

6/9
"ವೈಭವ್ ಸೂರ್ಯವಂಶಿ ಬಗ್ಗೆ ಏನಂತೀಯ?" ಈ ಪ್ರಶ್ನೆ ಬಂದೇ ಬರುತ್ತೆ, ಅದಕ್ಕೇ ಮುಂಚೇನೇ ಹೇಳ್ಬಿಡ್ತೀನಿ. 2025ರ ಏಪ್ರಿಲ್ 28, ಜೈಪುರ, ಗುಜರಾತ್ ಮೇಲೆ 35 ಬಾಲಲ್ಲಿ ಶತಕ, ವಯಸ್ಸು 14. ಪಟ್ಟಿ ಮಾಡೋರು ಗೆದ್ರು ಅಂತೀರ?

ಆ ಹುಡುಗ ಬಿಹಾರಕ್ಕೆ ರಣಜಿ ಆಡಿದ್ದು 2024ರ ಜನವರೀಲೇ. ಅದೇ ವರ್ಷ ಚೆನ್ನೈಯಲ್ಲಿ ಆಸ್ಟ್ರೇಲಿಯಾದ ಅಂಡರ್-19 ತಂಡದ ಮೇಲೆ 58 ಬಾಲಲ್ಲಿ ಶತಕ. ಆಮೇಲೆ ನವೆಂಬರಲ್ಲಿ ಹರಾಜು, 1.10 ಕೋಟಿ. ಅವನನ್ನ ಕಂಡುಹಿಡಿದದ್ದು ಯಾವ ರೀಲೂ ಅಲ್ಲ. ಕೆಂಪು ಬಾಲಲ್ಲಿ, ನಿಜವಾದ ಬೌಲಿಂಗ್ ಎದುರು, ಮ್ಯಾಚ್ ಮೇಲೆ ಮ್ಯಾಚ್ ಆಡೋಕೆ ಬಿಟ್ಟು ನೋಡಿದ್ರು. ನಾನು ಕೇಳ್ತಿರೋದೂ ಅದನ್ನೇ. ಮೊದಲು ಆಡೋಕೆ ಬಿಡಿ, ನಂಬರ್ ಆಮೇಲೆ ಹಚ್ಚಿ.

7/9
ಈಗ ಪಟ್ಟೀಲಿ ಇಲ್ಲದವರ ವಿಷಯ. ನನಗೆ ಸಿಟ್ಟು ಬರೋದು ಇಲ್ಲೇ.

ಹೇಮಾವತಿ ದಂಡೇಲಿ ಬೆಳೆದ ಹುಡುಗ ಆಟ ಕಲಿಯೋದು ಭತ್ತ ಕುಯ್ದ ಗದ್ದೇಲಿ, ಟೆನಿಸ್ ಬಾಲಲ್ಲಿ. ಕೆ.ಆರ್. ಪೇಟೆ, ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣ ಎಲ್ಲಾ ಕಡೆ ಇದೇ ಕಥೆ. ಟೂರ್ನಮೆಂಟಿಗೇನೂ ಬರ ಇಲ್ಲ. ಹಬ್ಬಕ್ಕೊಂದು, ಹೀರೋ ಹುಟ್ಟುಹಬ್ಬಕ್ಕೊಂದು, ಎಲೆಕ್ಷನ್ ಹತ್ರ ಬಂದ್ರೆ ವಾರಕ್ಕೊಂದು. ಟ್ರೋಫಿ ಆಳುದ್ದ, ಬಾಡೂಟ ಬೇರೆ. ಆದ್ರೆ ಆಯ್ಕೆಗಾರರ ಕಣ್ಣಿಗೆ ಬೀಳ್ಬೇಕಂದ್ರೆ ಲೆದರ್ ಬಾಲ್ ಆಡ್ಬೇಕು. ಕೆಎಸ್‌ಸಿಎ ಲೆಕ್ಕದಲ್ಲಿ ನಾವು ಮೈಸೂರು ವಲಯ. ಬೆಳಗಿನ ರೈಲಿಗೆ ಹೋಗ್ಬೇಕು, ಕಿಟ್ ಬೇಕು, ಮನೇಲಿ "ಕಬ್ಬಿನ ಬಿಲ್ ಬರ್ಲಿ ತಡಿಯೋ" ಅಂತಾರೆ. ಬಿಲ್ ಬರೋ ಹೊತ್ತಿಗೆ ಹುಡುಗನ ಅಂಡರ್-16 ಮುಗಿದಿರುತ್ತೆ.

ವಯಸ್ಸಿನ ಲೆಕ್ಕವೂ ಹಾಗೇ. ಬಿಸಿಸಿಐ ಟೂರ್ನಿಗಳಲ್ಲಿ ವಯಸ್ಸು ಎಣಿಸೋದು ಸೆಪ್ಟೆಂಬರ್ 1ಕ್ಕೆ. ಸೆಪ್ಟೆಂಬರಲ್ಲಿ ಹುಟ್ಟಿದವನೂ ಮುಂದಿನ ಆಗಸ್ಟಲ್ಲಿ ಹುಟ್ಟಿದವನೂ ಒಂದೇ ಗುಂಪು. ಹದಿನೈದು ವರ್ಷಕ್ಕೆ ಆ ಹನ್ನೊಂದು ತಿಂಗಳು ಅಂದ್ರೆ ಒಂದು ಗೇಣು ಎತ್ತರ, ಒಂದು ಹಿಡಿ ಬಲ. ದೊಡ್ಡವನು "ಪ್ರತಿಭೆ" ಆಗ್ತಾನೆ, ಚಿಕ್ಕವನು "ಇನ್ನೂ ಸಾಲದು" ಆಗ್ತಾನೆ. ಪಟ್ಟೀಲಿ ಹುಟ್ಟಿದ ತಿಂಗಳು ಬರೆದೋರನ್ನ ನಾನಿನ್ನೂ ನೋಡಿಲ್ಲ.

ನಮ್ಮ ಕಡೆಯವನೇ ಒಬ್ಬ ಹುಡುಗ ಒಂದು ಟ್ರಯಲ್ಸಿಗೆ ಹೋಗಿದ್ದ. ಬೌಲಿಂಗಿಗೆ ಸಿಕ್ಕಿದ್ದು ಆರು ಬಾಲ್. ಆಮೇಲೆ ಅಲ್ಲಿದ್ದವರು ಕೇಳಿದ ಪ್ರಶ್ನೆ: "ನಿಂದು ಇನ್‌ಸ್ಟಾದಲ್ಲಿ ವಿಡಿಯೊ ಐತಾ?" ಈಗ ಅವನು ಗೂಡ್ಸ್ ಆಟೊ ಓಡಿಸ್ತಾನೆ. ಅವನು ದೊಡ್ಡ ಬೌಲರ್ ಆಗ್ತಿದ್ನೋ ಇಲ್ವೋ, ಅದನ್ನ ನೋಡೋಕೂ ಯಾರೂ ಹೋಗ್ಲಿಲ್ಲ.

ಹುಡುಗೀರ ಕಥೆಯಂತೂ ಕೇಳ್ಲೇಬೇಡಿ. 2024ರ ಡಬ್ಲ್ಯುಪಿಎಲ್‌ನಲ್ಲಿ ಅತಿ ಹೆಚ್ಚು ವಿಕೆಟ್ ನಮ್ಮ ಶ್ರೇಯಾಂಕಾ ಪಾಟೀಲ್‌ದು, 13. 2025ರಲ್ಲಿ ಅಂಡರ್-19 ವಿಶ್ವಕಪ್ ಗೆದ್ದ ಭಾರತ ತಂಡದ ಕ್ಯಾಪ್ಟನ್ ನಮ್ಮ ನಿಕಿ ಪ್ರಸಾದ್. "ಕರ್ನಾಟಕದ ಟಾಪ್ 10" ಅಂತ ಹೆಡ್ಡಿಂಗ್ ಹಾಕಿ ಹತ್ತೂ ಹುಡುಗರನ್ನೇ ತುಂಬೋರಿಗೆ ಇವರು ಯಾವ ರಾಜ್ಯದವರು?

8/9
ಇನ್ನೊಂದು ಅಪಾಯ ಇದೆ, ಪಟ್ಟೀಲಿ ಇರೋರಿಗೇ. ಕರುಣ್ ನಾಯರ್ 2016ರ ಡಿಸೆಂಬರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ಮೇಲೆ ನಾಟೌಟ್ 303 ಹೊಡೆದಾಗ 25 ವರ್ಷ. ಆವತ್ತು ಎಲ್ಲರ ಪಟ್ಟೀಲೂ ಮೇಲೆ. 2017ರ ಮಾರ್ಚ್ ಆದ್ಮೇಲೆ ಟೆಸ್ಟ್ ಇಲ್ಲ. ಕರ್ನಾಟಕ ತಂಡದಲ್ಲೂ ಜಾಗ ಹೋಗಿ ವಿದರ್ಭಕ್ಕೆ ಹೋದ್ರು. 2024ರಲ್ಲಿ ಮೈಸೂರು ವಾರಿಯರ್ಸ್ ಕ್ಯಾಪ್ಟನ್ ಆಗಿ ಮಹಾರಾಜ ಟ್ರೋಫಿ ಗೆದ್ರು, ಮತ್ತೆ ಟೆಸ್ಟ್ ಆಡಿದ್ದು 2025ರ ಜೂನಲ್ಲಿ. ಎಂಟು ವರ್ಷ! ಆ ಎಂಟು ವರ್ಷದಲ್ಲಿ ಪಟ್ಟಿ ಮಾಡೋರ ಹತ್ರ ಅವರಿಗೆ ಇದ್ದಿದ್ದು ಒಂದೇ ಪದ: "ಫಿನಿಶ್ಡ್".

ಹಿಂದೆ ಹೇಗೆ ನೋಡ್ತಿದ್ರು? ಮೈಸೂರಿನ ಇಂಜಿನಿಯರಿಂಗ್ ಹುಡುಗ ಜಾವಗಲ್ ಶ್ರೀನಾಥ್ ಅವರನ್ನ ಜಿ.ಆರ್. ವಿಶ್ವನಾಥ್ ಗುರುತಿಸಿದ್ದು ಒಂದು ಕ್ಲಬ್ ಮ್ಯಾಚಲ್ಲಿ. 1989ರಲ್ಲಿ ಹೈದರಾಬಾದ್ ಮೇಲೆ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್. ಮುಂದೆ 236 ಟೆಸ್ಟ್ ವಿಕೆಟ್, 315 ಏಕದಿನ ವಿಕೆಟ್. ತಿಳಿದವರೊಬ್ಬರು ಮೈದಾನಕ್ಕೆ ಹೋಗಿ, ಕೂತು, ನೋಡಿದ್ರು. ಆ ಕೆಲಸಕ್ಕೆ ಆ್ಯಪ್ ಇಲ್ಲ.

9/9
ಬರೀ ಬೈದು ಹೋಗೋದು ಬೇಡ. ಪಟ್ಟಿ ಮಾಡೋ ಪೇಜುಗಳಿಗೆ ನನ್ನ ಬೇಡಿಕೆ ನಾಲ್ಕೇ:

ಒಂದು, ಪ್ರತಿ ಹೆಸರಿನ ಪಕ್ಕ ವಯಸ್ಸು, ಹುಟ್ಟಿದ ತಿಂಗಳು, ಎಷ್ಟು ಇನ್ನಿಂಗ್ಸ್, ಎಷ್ಟು ನಾಟೌಟ್ ಬರೀರಿ.
ಎರಡು, ಯಾವ ಮಟ್ಟದ ಟೂರ್ನಿ, ಯಾವ ಬಾಲ್, ನೀವು ಪೂರ್ತಿ ನೋಡಿದ ಮ್ಯಾಚ್ ಎಷ್ಟು, ಹೇಳಿ.
ಮೂರು, ಹೋದ ವರ್ಷದ ಪಟ್ಟಿ ಡಿಲೀಟ್ ಮಾಡ್ಬೇಡಿ. ಹೊಸದರ ಜೊತೆ ಹಾಕಿ, ಎಷ್ಟು ಸರಿ ಹೋಯ್ತು, ಎಷ್ಟು ತಪ್ಪಿತು ತೋರಿಸಿ.
ನಾಲ್ಕು, ದುಡ್ಡು ಈಸ್ಕೊಂಡು ಹಾಕಿದ ಹೆಸರಿದ್ರೆ "ಪೇಯ್ಡ್" ಅಂತ ಬರೀರಿ. ಬರೆಯೋ ಧೈರ್ಯ ಇಲ್ಲಾಂದ್ರೆ ಈಸ್ಕೋಬೇಡಿ.

ನಮ್ಮ ಕೈಲಾಗೋದೂ ಒಂದಿದೆ. ನಮ್ಮೂರ ಟೂರ್ನಮೆಂಟಲ್ಲಿ ಕಾಮೆಂಟರಿ ಹೇಳೋಕೆ ಹತ್ತು ಜನ ಮೈಕ್ ಕಿತ್ಕೋತಾರೆ, ಸ್ಕೋರ್ ಬರೆಯೋಕೆ ಕೂರೋರು ಇಲ್ಲ. ಫೈನಲ್ ಮುಗಿದ ಮಾರನೇ ದಿನ ಯಾರು ಎಷ್ಟು ಓವರ್ ಹಾಕಿದ್ರು ಅನ್ನೋದೇ ಗೊತ್ತಿರಲ್ಲ. ಬಾಲ್ ಬಾಲಿಗೂ ಬರೆದಿಟ್ರೆ ಎರಡು ಬೇಸಿಗೆ ಆದ್ಮೇಲೆ ಒಬ್ಬ ಹುಡುಗನ ಕೈಲಿ ಇನ್ನೂರು ಓವರಿನ ದಾಖಲೆ ಇರುತ್ತೆ. "ವಿಡಿಯೊ ಐತಾ" ಅಂತ ಕೇಳಿದೋರ ಮುಂದೆ ಇಡೋಕೆ ಅದಾದ್ರೂ ಇರ್ಲಿ. ಪುಸ್ತಕದಲ್ಲಿ ಬರೀರಿ, ಕ್ರಿಕ್‌ಹೀರೋಸಲ್ಲಿ ಹಾಕಿ, ಎರಡೂ ಆದ್ರೆ ಇನ್ನೂ ಒಳ್ಳೇದು.

ಈ ಬೇಸಿಗೆಗೆ ಅಕ್ಕಿಹೆಬ್ಬಾಳು ಸುತ್ತಮುತ್ತ ಸ್ಕೋರಿಂಗಿಗೆ ಕೂರೋಕೆ ನಾನು ರೆಡಿ. ನಮ್ಮ ಕ್ಲಾಸಿನವರು, ಜೂನಿಯರ್ಸ್, ಯಾರು ಬರ್ತೀರ? ಕಾಮೆಂಟಲ್ಲಿ ಊರ ಹೆಸರು ಹಾಕಿ. ಹುಡುಗೀರು ಮೊದಲು ಹಾಕಿ, ಈ ಹೈಕ್ಳು ಮೈಕ್ ಬಿಟ್ಟು ಬರೋದು ಲೇಟು.

#ಅಕ್ಕಿಹೆಬ್ಬಾಳು #ಕೆಆರ್‌ಪೇಟೆ #ಮಂಡ್ಯ #ಮಹಾರಾಜಟ್ರೋಫಿ #ಲೆಕ್ಕಕೊಡಿ