ಜೊತೆಗೆ ಹೋಗುವವರು ಯಾರು?

ಉಡುಪಿಯ ಬನ್ನಂಜೆಯ ಜನ ಆಸ್ಪತ್ರೆ ದೂರ ಎನ್ನುವಂತಿಲ್ಲ. ಜಿಲ್ಲಾಸ್ಪತ್ರೆ ಅಜ್ಜರಕಾಡಿನಲ್ಲೇ ಇದೆ, ಮಣಿಪಾಲಕ್ಕೆ ಬಸ್ಸು ಬೇಕಾದಷ್ಟು. 1953ರಲ್ಲಿ ಟಿ.ಎಂ.ಎ. ಪೈಯವರು ಅಲ್ಲಿ ವೈದ್ಯಕೀಯ ಕಾಲೇಜು ಕಟ್ಟಿದಂದಿನಿಂದ ನಮ್ಮಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಆದರೂ ಮನೆಗಳು ಸೋಲುತ್ತಿವೆ.

ಅಂಥದೊಂದು ಮನೆಯನ್ನು ಕಣ್ಣೆದುರು ತಂದುಕೊಳ್ಳಿ. ಗಂಡ ಮಲ್ಪೆಯ ಬೋಟಿಗೆ ಹೋಗುತ್ತಾನೆ, ಹೆಂಡತಿ ಬೀಡಿ ಕಟ್ಟುತ್ತಾಳೆ. ಹರೆಯದ ಮಗನಿಗೆ ಮಾನಸಿಕ ಕಾಯಿಲೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಗಂಡನ ಸಂಪಾದನೆ ನಿಂತುಹೋಗುತ್ತದೆ. ಬೀಡಿಗೆ ಸಿಗುವುದು ಸಾವಿರಕ್ಕಿಷ್ಟು ಎಂಬ ಮಜೂರಿ. ಎಲೆ ಕತ್ತರಿಸದ ದಿನ ಕಾಸಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಹಾಗಾಗಿ ಮಗನಿಗೆ ಮಾಸಾಶನ ಕೇಳುವ ಹಕ್ಕಿದೆ. ಅದಕ್ಕೆ ಮೊದಲು ಆಸ್ಪತ್ರೆಯ ಪ್ರಮಾಣಪತ್ರ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಬೇಕು. ಆಮೇಲೆ ನಾಡಕಚೇರಿಯಲ್ಲಿ ಅರ್ಜಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಆಧಾರಿನಲ್ಲೊಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಇದ್ದರೆ ಮತ್ತೆ ಮೊದಲಿನಿಂದ. ಮನೆಯಿಂದ ಹೊರಗೆ ಕಾಲಿಡಲು ಒಪ್ಪದ ಹುಡುಗನನ್ನು ಕರೆದುಕೊಂಡು ಆ ತಾಯಿ ಎಷ್ಟು ಕೌಂಟರ್ ಹತ್ತಿಯಾಳು? ಮೂರನೆಯ ಸಲ 'ನಾಳೆ ಬನ್ನಿ' ಅನ್ನಿಸಿಕೊಂಡವಳು ನಾಲ್ಕನೆಯ ಸಲ ಹೋಗುವುದಿಲ್ಲ. ಕೆಲವರು ಮಾಸಾಶನದ ಜೊತೆಗೆ ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ. ನನ್ನನ್ನು ಕಾಡುವುದು ಇದೇ.

ಇಂಥ ಮನೆಯ ಬಾಗಿಲಿಗೆ ಈಗ ಬರುವವಳು ಆಶಾ ಕಾರ್ಯಕರ್ತೆ. ಗರ್ಭಿಣಿಯರ ಪಟ್ಟಿ, ಚುಚ್ಚುಮದ್ದು, ಸರ್ವೆ ಎಲ್ಲ ಅವಳ ತಲೆ ಮೇಲಿವೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ಗೌರವಧನ ಕೇಳಬೇಕಾಗಿ ಬಂದ ಹೆಂಗಸರು ಇವರು. ಬೇರೊಬ್ಬರು ಮಾಡಬೇಕಾದ ಕೆಲಸವನ್ನೂ ಅವರ ಮೇಲೆ ಹೇರುವುದು ಅನ್ಯಾಯ.

ಆ ಬೇರೊಬ್ಬರು ಎಂದರೆ ತರಬೇತಿ ಪಡೆದ ಸಮಾಜಕಾರ್ಯಕರ್ತರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಅವರಿಗೂ ಹುದ್ದೆಯಿದೆ. ಆದರೆ ಬೈಂದೂರಿನಿಂದ ಕಾರ್ಕಳದ ತನಕ ಏಳು ತಾಲೂಕುಗಳ ಮನೆಮನೆಗೆ ಜಿಲ್ಲೆಯ ಒಂದು ತಂಡ ಹೋಗಲು ಸಾಧ್ಯವೇ? 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಒಳ್ಳೆಯದೇ. ನಡುರಾತ್ರಿ ಎದೆಗುಂದಿದವರು 14416ಕ್ಕೆ ಫೋನ್ ಮಾಡಲಿ. ಆದರೆ ಬೆಳಗಾದ ಮೇಲೆ ನಾಡಕಚೇರಿಯಲ್ಲಿ ಅವರ ಪರವಾಗಿ ಮಾತಾಡಲು ಆಳು ಬೇಕು.

ಓದಿದವರು ಸಿಗುವುದಿಲ್ಲವೆಂಬ ನೆಪ ನಮ್ಮ ಕರಾವಳಿಯಲ್ಲಿ ನಡೆಯದು. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಕಲಿತ ಹುಡುಗಿಯರಿಗೆ ಇಲ್ಲಿ ಖಾಯಂ ಕೆಲಸ ಸಿಕ್ಕಿದರೆ ಅವರು ಬೆಂಗಳೂರಿನ ಬಸ್ಸು ಏಕೆ ಹತ್ತುತ್ತಾರೆ?

ಕಾಪು ಮತ್ತು ಕಾರ್ಕಳದಿಂದ ಶುರುಮಾಡಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಬ್ಬ ಸಮಾಜಕಾರ್ಯಕರ್ತೆ, ತಿರುಗಾಟಕ್ಕೆ ಭತ್ಯೆ, ತಹಶೀಲ್ದಾರರ ಕಚೇರಿಯಲ್ಲಿ ಅವಳ ಮಾತಿಗೆ ಬೆಲೆ. ಎಷ್ಟು ಮನೆಗೆ ಹೋದಳು ಎಂದು ರಿಜಿಸ್ಟರ್ ತುಂಬಿಸಬೇಡಿ. ಎಷ್ಟು ಜನರ ಖಾತೆಗೆ ಮಾಸಾಶನ ಬಂತು, ಎಷ್ಟು ಜನ ಮಾತ್ರೆ ಬಿಡದೆ ನುಂಗುತ್ತಿದ್ದಾರೆ ಎಂಬುದನ್ನು ಜಿಲ್ಲಾ ಪಂಚಾಯತ್ ಪ್ರತಿ ತಿಂಗಳು ಕೇಳಲಿ.